ಟೀಚರ್‌ಗೊಂದು ಪ್ರಶ್ನೆ: ಏಳು ನಿಮಿಷದ ಆಫ್ರಿಕಾ

ಈ ಸಲ ಬಂದ ಪತ್ರಗಳ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಆಫ್ರಿಕಾ! ಭಾಷಣ ಸ್ಪರ್ಧೆಗಳ ಸೀಸನ್ ಶುರುವಾಗಿದೆ ಅಂತ ಕಾಣುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಆಫ್ರಿಕಾ ನೋಡಿದವಳಲ್ಲ. ಹುಣಸೂರು, ಪಿರಿಯಾಪಟ್ಟಣ ಕಡೆಯ ಹೈಸ್ಕೂಲುಗಳಲ್ಲಿ 31 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು. ಮಕ್ಕಳನ್ನು ಭಾಷಣಕ್ಕೆ ತಯಾರು ಮಾಡಿದ್ದೇನೆ, ಗೆಲ್ಲಿಸಿದ್ದೇನೆ. ಒಂದು ಸಲ ನಾನೇ ಸೋಲಿಸಿಯೂ ಇದ್ದೇನೆ. ಅದನ್ನೂ ಕೆಳಗೆ ಬರೆದಿದ್ದೇನೆ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ. ಇನ್ನು ಹನ್ನೆರಡು ದಿನಕ್ಕೆ ಅಂತರಕಾಲೇಜು ಭಾಷಣ ಸ್ಪರ್ಧೆ ಇದೆ. ವಿಷಯ ‘ಇಂದಿನ ಆಫ್ರಿಕಾ’. ಏಳು ನಿಮಿಷ ಕೊಡುತ್ತಾರೆ. ನೆಟ್‌ನಲ್ಲಿ ಹುಡುಕಿ ಹುಡುಕಿ ನಲವತ್ತು ಪುಟ ಬರೆದಿಟ್ಟಿದ್ದೇನೆ. ಈಗ ಯಾವುದನ್ನು ಹೇಳಲಿ, ಯಾವುದನ್ನು ಬಿಡಲಿ ಅಂತ ತಲೆ ಕೆಟ್ಟಿದೆ. ನಮ್ಮ ಲೆಕ್ಚರರ್ ‘ಎಲ್ಲಾನೂ ಸ್ವಲ್ಪ ಸ್ವಲ್ಪ ಹೇಳು’ ಅಂತಾರೆ. ಏನು ಮಾಡಲಿ ಟೀಚರ್?
(ವಿದ್ಯಾರ್ಥಿನಿ, ರಾಣೆಬೆನ್ನೂರು)

ಉತ್ತರ: ‘ಎಲ್ಲಾನೂ ಸ್ವಲ್ಪ ಸ್ವಲ್ಪ’ ಅನ್ನುವುದು ಮದುವೆ ಊಟದ ಎಲೆಗೆ ಸರಿ ಕಣಮ್ಮ. ನಿಮ್ಮ ಲೆಕ್ಚರರ್ ಮನಸ್ಸಿಗೆ ಬೇಜಾರು ಮಾಡದ ಹಾಗೆ ಈ ಮಾತನ್ನು ಪಕ್ಕಕ್ಕಿಡು.

ಒಂದು ಸಣ್ಣ ಲೆಕ್ಕ ಹಾಕೋಣ. ಏಳು ನಿಮಿಷ ಅಂದರೆ 420 ಸೆಕೆಂಡು. ಆಫ್ರಿಕಾದಲ್ಲಿ ವಿಶ್ವಸಂಸ್ಥೆಯ ಸದಸ್ಯ ದೇಶಗಳೇ 54. ಭಾಗಿಸಿ ನೋಡು, ದೇಶಕ್ಕೆ ಎಂಟು ಸೆಕೆಂಡೂ ಬರುವುದಿಲ್ಲ. ಅಷ್ಟರಲ್ಲಿ ದೇಶದ ಹೆಸರು, ರಾಜಧಾನಿ ಹೇಳಿ ಉಗುಳು ನುಂಗಬಹುದು. ಇನ್ನು ವೇದಿಕೆ ಮೇಲೆ ನಿಂತು ಅರ್ಥವಾಗುವ ಹಾಗೆ ಮಾತಾಡಿದರೆ ನಿಮಿಷಕ್ಕೆ ತೊಂಬತ್ತು, ಹೆಚ್ಚೆಂದರೆ ನೂರು ಪದ. ಒಟ್ಟು ಆರುನೂರೈವತ್ತು ಪದ ಅಂತಿಟ್ಟುಕೋ. ನಿನ್ನ ನಲವತ್ತು ಪುಟದಲ್ಲಿ ಮೂವತ್ತೇಳು ಪುಟ ಮನೆಯಲ್ಲೇ ಉಳಿಯಬೇಕು. ಓದಿದ್ದು ದಂಡ ಅಂದುಕೊಳ್ಳಬೇಡ. ಜಡ್ಜ್ ಪ್ರಶ್ನೆ ಕೇಳಿದಾಗ ಆ ಮೂವತ್ತೇಳು ಪುಟವೇ ಕೈ ಹಿಡಿಯುವುದು.

ಈ ಖಂಡ ಎಷ್ಟು ದೊಡ್ಡದು ಅನ್ನುವುದೇ ನಮಗೆ ಗೊತ್ತಿರುವುದಿಲ್ಲ. ತಪ್ಪು ನಮ್ಮದಲ್ಲ, ಶಾಲೆಯ ಗೋಡೆಯ ಭೂಪಟದ್ದು. ಆ ಮರ್ಕೇಟರ್ ಭೂಪಟದಲ್ಲಿ ಗ್ರೀನ್‌ಲ್ಯಾಂಡ್ ಮತ್ತು ಆಫ್ರಿಕಾ ಹೆಚ್ಚುಕಡಿಮೆ ಒಂದೇ ಅಳತೆ ಕಾಣುತ್ತವೆ. ನಿಜಕ್ಕೂ ಆಫ್ರಿಕಾ ಹದಿನಾಲ್ಕು ಪಟ್ಟು ದೊಡ್ಡದು. ನಮ್ಮ ಭಾರತದಂಥ ಒಂಬತ್ತು ದೇಶ ಅದರೊಳಗೆ ಹಿಡಿಸುತ್ತವೆ. ಈ ಭೂಪಟ ಬದಲಾಗಲಿ ಅನ್ನುವ ಅಭಿಯಾನಕ್ಕೆ 2025ರ ಆಗಸ್ಟಿನಲ್ಲಿ ಆಫ್ರಿಕನ್ ಯೂನಿಯನ್ ಬೆಂಬಲ ಕೊಟ್ಟಿತು. ಇದು ಕೂಡ ‘ಇಂದಿನ ಆಫ್ರಿಕಾ’ದ ಸುದ್ದಿಯೇ, ಅಲ್ವಾ?

ಹಾಗಾದರೆ ಏನು ಆರಿಸಿಕೊಳ್ಳಬೇಕು? ದಾರಿ ಬೇಕಾದಷ್ಟಿವೆ. ಪಶ್ಚಿಮದಲ್ಲಿ ಮಾಲಿ, ಬುರ್ಕಿನಾ ಫಾಸೊ, ನಿಜೇರ್‌ಗಳಲ್ಲಿ 2020ರಿಂದ 2023ರೊಳಗೆ ಸೈನ್ಯ ಅಧಿಕಾರ ಹಿಡಿಯಿತು. ಮೂರೂ ಸೇರಿ ತಮ್ಮದೇ ಕೂಟ ಕಟ್ಟಿಕೊಂಡು 2025ರ ಜನವರಿಯಲ್ಲಿ ಎಕೊವಾಸ್ ಅನ್ನುವ ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟದಿಂದ ಹೊರಬಂದವು. ಕೆನ್ಯಾದಲ್ಲಿ 2024ರ ಜೂನ್ 25ಕ್ಕೆ ನಿನ್ನ ವಯಸ್ಸಿನ ಹುಡುಗ ಹುಡುಗಿಯರು ತೆರಿಗೆ ಮಸೂದೆ ವಿರುದ್ಧ ಸಂಸತ್ತಿಗೇ ನುಗ್ಗಿದರು, ಮಾರನೇ ದಿನ ಅಧ್ಯಕ್ಷ ರೂಟೊ ಮಸೂದೆ ವಾಪಸ್ ತೆಗೆದುಕೊಂಡರು. ಸೆನೆಗಲ್‌ನಲ್ಲಿ ಜೈಲಿಂದ ಹೊರಬಂದ ಹತ್ತೇ ದಿನಕ್ಕೆ ಚುನಾವಣೆ ಗೆದ್ದು ಒಬ್ಬರು ಅಧ್ಯಕ್ಷರಾದರು, ವಯಸ್ಸು 44. ದಕ್ಷಿಣ ಆಫ್ರಿಕಾದಲ್ಲಿ ಮಂಡೇಲಾ ಅವರ ಪಕ್ಷ 1994ರ ನಂತರ ಮೊದಲ ಸಲ ಬಹುಮತ ಕಳೆದುಕೊಂಡಿತು. ಯಾವುದನ್ನು ಹಿಡಿದರೂ ಏಳು ನಿಮಿಷ ಸಾಲದು.

ನಾನಾಗಿದ್ದರೆ ನಿನಗೆ ಅಣೆಕಟ್ಟೆಯ ವಿಷಯ ಕೊಡುತ್ತಿದ್ದೆ. ನೀನು ತುಂಗಭದ್ರೆ ಕಡೆಯವಳು. ಟಿಎಂಸಿ ಅನ್ನುವ ಪದ ನಿಮ್ಮ ಊರಿನ ಟೀ ಅಂಗಡಿಯಲ್ಲೂ ಓಡಾಡುತ್ತದೆ. ಬೆಂಗಳೂರಿನ ಹುಡುಗಿಗೆ ಇಲ್ಲದ ಬಂಡವಾಳ ಅದು.

ಇಥಿಯೋಪಿಯಾ ನೀಲಿ ನೈಲ್ ನದಿಗೆ ಅಡ್ಡಲಾಗಿ ದೊಡ್ಡ ಕಟ್ಟೆ ಕಟ್ಟಿದೆ. ಗ್ರ್ಯಾಂಡ್ ಇಥಿಯೋಪಿಯನ್ ರಿನೈಸಾನ್ಸ್ ಡ್ಯಾಂ ಅಂತ ಹೆಸರು, ಪೇಪರಿನಲ್ಲಿ ಗರ್ಡ್ ಅಂತ ಚಿಕ್ಕದಾಗಿ ಬರೆಯುತ್ತಾರೆ. 2011ರಲ್ಲಿ ಕೆಲಸ ಶುರು, 2025ರ ಸೆಪ್ಟೆಂಬರ್ 9ಕ್ಕೆ ಉದ್ಘಾಟನೆ. (ಅವರ ಹೊಸ ವರ್ಷಕ್ಕೆ ಎರಡೇ ದಿನ ಮುಂಚೆ. ಅವರ ಕ್ಯಾಲೆಂಡರಿನಲ್ಲಿ ಹದಿಮೂರು ತಿಂಗಳು.) ನಮ್ಮ ಕೆಆರ್‌ಎಸ್ ಕೆಲಸ ಶುರುವಾದದ್ದು 1911ರಲ್ಲಿ. ಸರಿಯಾಗಿ ನೂರು ವರ್ಷ! ಈ ಸಾಲು ನಿನಗೆ ಪುಕ್ಕಟೆ ಕೊಡುತ್ತಿದ್ದೇನೆ.

ಈಗ ನೋಡು, ನೆಟ್‌ನಲ್ಲಿ ನಿನಗೆ ಸಿಗುವುದು ‘ಜಲಾಶಯದ ಸಾಮರ್ಥ್ಯ 74 ಬಿಲಿಯನ್ ಘನ ಮೀಟರ್’ ಅಂತ. ಇದನ್ನು ಹೀಗೇ ವೇದಿಕೆಯಲ್ಲಿ ಹೇಳಿದರೆ ಮುಂದಿನ ಸಾಲಿನವರು ಮೊಬೈಲ್ ತೆಗೆಯುತ್ತಾರೆ. ಒಂದು ಟಿಎಂಸಿ ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ಭಾಗಿಸು. ಸುಮಾರು 2,600 ಟಿಎಂಸಿ ಬರುತ್ತದೆ. ಕೆಆರ್‌ಎಸ್ ಪೂರ್ತಿ ತುಂಬಿದರೆ 49.45 ಟಿಎಂಸಿ. ಅಂದರೆ ಐವತ್ತೆರಡು ಕೆಆರ್‌ಎಸ್ ನೀರು ಆ ಒಂದು ಕಟ್ಟೆಯ ಹಿಂದೆ ನಿಲ್ಲುತ್ತದೆ. ಇದನ್ನು ಹೇಳಿ ಎರಡು ಸೆಕೆಂಡು ಸುಮ್ನೆ ನಿಂತುಬಿಡು. ಹಾಲ್‌ನಲ್ಲಿ ಕೂತ ರೈತನ ಮಗ ತಲೆ ಎತ್ತಿ ನೋಡದೆ ಇದ್ದರೆ ನನ್ನನ್ನು ಕೇಳು.

ಜಗಳ ಏನು? ನೈಲ್‌ನಲ್ಲಿ ಹರಿಯುವ ನೀರಿನಲ್ಲಿ ಶೇಕಡಾ 85ರಷ್ಟು ಬರುವುದು ಇಥಿಯೋಪಿಯಾದ ಗುಡ್ಡಗಳಿಂದ. ಕೂಡಲಿಯಲ್ಲಿ ತುಂಗೆ ಭದ್ರೆ ಸೇರಿದ ಹಾಗೆ ನೀಲಿ ನೈಲ್, ಬಿಳಿ ನೈಲ್ ಎರಡೂ ಸೂಡಾನಿನ ಖಾರ್ಟೂಮ್‌ನಲ್ಲಿ ಸೇರಿ ಈಜಿಪ್ಟಿಗೆ ಇಳಿಯುತ್ತವೆ. 1929ರಲ್ಲಿ ಬ್ರಿಟಿಷರು ಒಂದು ಒಪ್ಪಂದ ಮಾಡಿಸಿದರು. 1959ರಲ್ಲಿ ಈಜಿಪ್ಟ್, ಸೂಡಾನ್ ಎರಡೇ ಕೂತು ನೀರು ಹಂಚಿಕೊಂಡವು. ಈಜಿಪ್ಟಿಗೆ 55.5, ಸೂಡಾನಿಗೆ 18.5 ಬಿಲಿಯನ್ ಘನ ಮೀಟರ್. ನೀರು ಹುಟ್ಟುವ ಮನೆಯವರನ್ನು ಕೇಳಲೇ ಇಲ್ಲ. ನಿನಗೆ 1892, 1924ರ ಕಾವೇರಿ ಒಪ್ಪಂದ ನೆನಪಾಗುತ್ತಿದೆ, ಗೊತ್ತು ನನಗೆ.

ಇಲ್ಲೇ ಹುಷಾರಾಗಿರಬೇಕು. ನಾವು ಕಾವೇರಿಯಲ್ಲಿ ಮೇಲಿನವರು. ಇಥಿಯೋಪಿಯಾ ಕೂಡ ಮೇಲಿನವರೇ. ಹಾಗಾಗಿ ನಿನಗೇ ತಿಳಿಯದ ಹಾಗೆ ನಿನ್ನ ಮನಸ್ಸು ಇಥಿಯೋಪಿಯಾ ಕಡೆ ವಾಲಿಬಿಡುತ್ತದೆ. ಅವರು ಬಾಂಡ್ ಮಾರಿ, ನೌಕರರ ಸಂಬಳದಲ್ಲಿ ಕೂಡಿಸಿ ಈ ಕಟ್ಟೆಗೆ ದುಡ್ಡು ಹೊಂದಿಸಿದರು ಅಂತ ಓದಿದಾಗ ಮಹಾರಾಜರ ಮನೆಯ ಒಡವೆಯ ಕತೆ ನೆನಪಾಗಿ ಕಣ್ಣು ಒದ್ದೆಯಾಗುತ್ತದೆ. ನನಗೂ ಆಯಿತು. ಅದಕ್ಕೇ ಹೇಳುವುದು, ಮೊದಲು ಈಜಿಪ್ಟಿನ ಮಾತು ಓದು. ಅಲ್ಲಿ ಮಳೆ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಹತ್ತು ಕೋಟಿಗೂ ಜಾಸ್ತಿ ಜನ, ಹೆಚ್ಚಿನವರು ಆ ಒಂದು ನದಿಯ ಎರಡು ದಂಡೆಯಲ್ಲಿ. ಮೇಲೆ ಬರಗಾಲ ಬಿದ್ದ ವರ್ಷ ಎಷ್ಟು ನೀರು ಬಿಡುತ್ತೀರಿ, ಬರೆದುಕೊಡಿ ಅನ್ನುವುದು ಅವರ ಬೇಡಿಕೆ. ಮಂಡ್ಯದಲ್ಲಿ ಕೂತು ತಂಜಾವೂರಿನ ರೈತನ ಮಾತು ಕೇಳಿಸಿಕೊಂಡ ಹಾಗೆ, ಕಷ್ಟ, ಆದರೆ ಕೇಳಿಸಿಕೊಳ್ಳಬೇಕು.

ಹೋಲಿಕೆ ಎಲ್ಲಿ ಮುರಿಯುತ್ತದೆ ಅನ್ನುವುದನ್ನೂ ನೀನೇ ಹೇಳು, ಜಡ್ಜ್ ಹೇಳುವುದಕ್ಕಿಂತ ಮುಂಚೆ. ಕಾವೇರಿಗೆ ಸುಪ್ರೀಂ ಕೋರ್ಟ್ ಇದೆ. 2018ರಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ ಅಂತ ಅದು ತೀರ್ಪು ಕೊಟ್ಟಿತು, ಮುಗಿಯಿತು. ನೈಲ್‌ಗೆ ಅಂಥ ಕೋರ್ಟ್ ಇಲ್ಲ. ಇನ್ನೊಂದು, ಗರ್ಡ್ ಇರುವುದು ಗದ್ದೆಗೆ ನೀರು ಬಿಡಲಿಕ್ಕಲ್ಲ, ಕರೆಂಟಿಗೆ. ಸಾಮರ್ಥ್ಯ 5,150 ಮೆಗಾವಾಟ್. ಟರ್ಬೈನ್ ತಿರುಗಿಸಿದ ನೀರು ಮುಂದೆ ಹರಿಯಲೇಬೇಕು.

ಓದುವುದು ಹೇಗೆ ಅಂತ ಕೇಳುತ್ತೀಯ. ಒಂದೇ ದಿನದ ಎರಡು ಪೇಪರ್ ತೆಗೆ. ಇಥಿಯೋಪಿಯಾದ ಅಡಿಸ್ ಸ್ಟ್ಯಾಂಡರ್ಡ್, ಈಜಿಪ್ಟಿನ ಅಲ್ ಅಹ್ರಾಂ. ಎರಡೂ ಇಂಗ್ಲಿಷಿನಲ್ಲಿ ನೆಟ್‌ನಲ್ಲೇ ಸಿಗುತ್ತವೆ. ಅಲ್ ಅಹ್ರಾಂ ಸರ್ಕಾರದ ಪೇಪರ್, ಅದು ನೆನಪಿರಲಿ. ಸೆಪ್ಟೆಂಬರ್ 9, 10ರ ಸುದ್ದಿ ಪಕ್ಕಪಕ್ಕ ಇಟ್ಟು ಓದು. ಅದೇ ಕಟ್ಟೆ, ಅದೇ ನೀರು. ಒಂದು ಕಡೆ ಹಬ್ಬ, ಇನ್ನೊಂದು ಕಡೆ ‘ನಮ್ಮನ್ನು ಕೇಳದೆ ಮಾಡಿದ ಕೆಲಸ’ ಅನ್ನುವ ಮಾತು. ಎರಡೂ ಪೇಪರ್ ಒಪ್ಪುವ ಸಂಗತಿ ಯಾವುದು, ಅಷ್ಟಕ್ಕೆ ಮಾತ್ರ ಗೆರೆ ಎಳೆ. ಉಳಿದದ್ದನ್ನು ‘ಈಜಿಪ್ಟ್ ಹೇಳುವುದು ಹೀಗೆ’ ಅಂತ ಹೆಸರು ಹಿಡಿದೇ ಹೇಳು. ಕೆನ್ಯಾ ಆರಿಸಿಕೊಂಡಿದ್ದರೆ ಡೇಲಿ ನೇಷನ್, ದಕ್ಷಿಣ ಆಫ್ರಿಕಾ ಆದರೆ ಡೇಲಿ ಮಾವೆರಿಕ್, ನೈಜೀರಿಯಾ ಆದರೆ ಪ್ರೀಮಿಯಂ ಟೈಮ್ಸ್. ಲಂಡನ್ನಿನವರು ಏನು ಬರೆದರು ಅನ್ನುವುದು ಆಮೇಲೆ.

ಇನ್ನು ನನ್ನ ಸೋಲಿನ ಕತೆ. 2011ರ ಆಗಸ್ಟ್, ತಾಲ್ಲೂಕು ಮಟ್ಟದ ಸ್ಪರ್ಧೆ. ನನ್ನ ಹತ್ತನೇ ಕ್ಲಾಸಿನ ಹುಡುಗಿ ಚೆನ್ನಾಗಿ ಮಾತಾಡುತ್ತಿದ್ದಳು. ಮೊದಲ ಸಾಲೇ ‘53 ದೇಶಗಳ ಆಫ್ರಿಕಾ’. ಬರೆದುಕೊಟ್ಟವಳು ನಾನು, ನನ್ನ ಹಳೇ ನೋಟ್ಸ್ ನೋಡಿ. ದಕ್ಷಿಣ ಸೂಡಾನ್ ಬೇರೆ ದೇಶವಾಗಿ ಇನ್ನೂ ಐದಾರು ವಾರವೂ ಆಗಿರಲಿಲ್ಲ, ಜುಲೈ 9ಕ್ಕೆ ಆಗಿದ್ದು. ಜಡ್ಜ್ ಒಬ್ಬರು ಕನ್ನಡಕ ಮೂಗಿನ ತುದಿಗೆ ಇಳಿಸಿ ‘ಪೇಪರ್ ಓದೋ ಅಭ್ಯಾಸ ಇದ್ಯೇನಮ್ಮಾ?’ ಅಂದರು. ಹುಡುಗಿ ನನ್ನ ಕಡೆ ನೋಡಿದಳು. ನಾನು ಬ್ಯಾಗಿನಲ್ಲಿ ಏನೋ ಹುಡುಕುವವಳ ಹಾಗೆ ತಲೆ ಬಗ್ಗಿಸಿದೆ. ಎರಡನೇ ಬಹುಮಾನ ಬಂತು. ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ಒಂದು ಮಾತೂ ಆಡಲಿಲ್ಲ. ಅದು ಬೈದದ್ದಕ್ಕಿಂತ ಜಾಸ್ತಿ ಆಯಿತು.

ಅವತ್ತಿಂದ ಒಂದು ಪದ್ಧತಿ ಮಾಡಿಕೊಂಡೆ. ಮನೆಯಲ್ಲಿ ಹಳೇ ಲಗ್ನಪತ್ರಿಕೆ ಇರುತ್ತವಲ್ಲ, ದಪ್ಪ ಕಾಗದ, ಹಿಂಬದಿ ಖಾಲಿ. ಅಂಗೈ ಅಗಲಕ್ಕೆ ಕತ್ತರಿಸು. ಒಂದು ಕಾರ್ಡಿಗೆ ಒಂದೇ ಸಂಗತಿ. ಕೆಳಗೆ ಎರಡು ಸಾಲು: ಯಾವ ದಿನದ ಸುದ್ದಿ, ಯಾರು ಹೇಳಿದ್ದು. ಬದಲಾಗದ ಸಂಗತಿ ಪೆನ್ನಿನಲ್ಲಿ ಬರೆ. 1959ರ ಒಪ್ಪಂದ ನಾಳೆ 1960ಕ್ಕೆ ಹೋಗುವುದಿಲ್ಲ. ಬದಲಾಗುವಂಥದ್ದು ಪೆನ್ಸಿಲ್‌ನಲ್ಲಿ. ಅಧ್ಯಕ್ಷರು ಯಾರು, ಮಾತುಕತೆ ಎಲ್ಲಿಗೆ ಬಂತು, ಜನಸಂಖ್ಯೆ ಎಷ್ಟು, ಎಲ್ಲ ಪೆನ್ಸಿಲ್. ಸ್ಪರ್ಧೆಯ ದಿನ ಬೆಳಿಗ್ಗೆ ಪೂರ್ತಿ ಓದಲು ಕೂರಬೇಡ. ಪೆನ್ಸಿಲ್ ಕಾರ್ಡ್ ಮಾತ್ರ ತೆಗೆದು ಒಂದೊಂದೇ ನೆಟ್‌ನಲ್ಲಿ ನೋಡು. ಅರ್ಧ ಗಂಟೆ ಕೆಲಸ. ಆ 53 ಅನ್ನುವುದು ಪೆನ್ಸಿಲ್‌ನಲ್ಲಿ ಇದ್ದಿದ್ದರೆ ಅವತ್ತು ನಾನು ಬ್ಯಾಗಿನಲ್ಲಿ ಕೈಯಾಡಿಸಬೇಕಾಗಿರಲಿಲ್ಲ.

ಭಾಷಣದ ಮೊದಲ ಸಾಲು ‘ಆಫ್ರಿಕಾ ಒಂದು ಕತ್ತಲ ಖಂಡ’ ಅಂತ ಮಾತ್ರ ಬೇಡ. ದಯವಿಟ್ಟು. ಯುಪಿಐ ನಮಗೆ ಬಂದದ್ದು 2016ರಲ್ಲಿ. ಕೆನ್ಯಾದಲ್ಲಿ 2007ರಿಂದಲೇ ಜನ ಎಂಪೆಸಾ ಅಂತ ಸಾದಾ ಮೊಬೈಲ್‌ನಲ್ಲಿ ದುಡ್ಡು ಕಳಿಸುತ್ತಿದ್ದರು.

ಪ್ರಶ್ನೆ: ನನ್ನ ಮಗ ಒಂಬತ್ತನೇ ತರಗತಿ. ಸೂಡಾನ್ ಯುದ್ಧದ ಬಗ್ಗೆ ಮಾತಾಡಬೇಕಂತೆ. ಸತ್ತವರ ಸಂಖ್ಯೆ ಒಂದೊಂದು ಕಡೆ ಒಂದೊಂದು ಇದೆ. ಕೆಲವು ಕಡೆ ಸಾವಿರಗಳಲ್ಲಿ, ಕೆಲವು ಕಡೆ ಲಕ್ಷದ ಮೇಲೆ. ಯಾವುದು ಸರಿ? ಇಷ್ಟು ಚಿಕ್ಕ ಹುಡುಗನಿಗೆ ಈ ವಿಷಯ ಬೇಕಾ ಅಂತಲೂ ಅನುಮಾನ.
(ತಾಯಿ, ಭದ್ರಾವತಿ)

ಉತ್ತರ: ಯಾವುದೂ ಪಕ್ಕಾ ಅಲ್ಲ ಮೇಡಂ. ಎಣಿಸುವವರು ಯಾರು? ಆಸ್ಪತ್ರೆ ಮುಚ್ಚಿದೆ, ಫೋನ್ ಸತ್ತಿದೆ, ಊರಿಗೆ ದಾರಿಯಿಲ್ಲ. ಆಸ್ಪತ್ರೆಗೆ ಬಂದ ಹೆಣ ಎಣಿಸಿದವರ ಲೆಕ್ಕ ಒಂದು. ಹಸಿವು, ಕಾಯಿಲೆಯಿಂದ ಹೋದವರನ್ನೂ ಸೇರಿಸಿ ಅಂದಾಜು ಮಾಡಿದವರ ಲೆಕ್ಕ ಇನ್ನೊಂದು. ನಿಮ್ಮ ಮಗ ವೇದಿಕೆಯಲ್ಲಿ ಹೇಳಬೇಕಾದದ್ದು ಇದನ್ನೇ: ‘ಸತ್ತವರನ್ನು ಎಣಿಸಲೂ ಆಗದಂಥ ಯುದ್ಧ ಇದು.’ ಮನೆ ಬಿಟ್ಟವರ ಲೆಕ್ಕ ಸ್ವಲ್ಪ ಗಟ್ಟಿ, ಯಾಕೆಂದರೆ ಶಿಬಿರಗಳಲ್ಲಿ, ಗಡಿಗಳಲ್ಲಿ ಹೆಸರು ಬರೆಸಿಕೊಳ್ಳುತ್ತಾರೆ. ಒಂದು ಕೋಟಿಗೂ ಜಾಸ್ತಿ ಜನ.

ಸಂಗತಿ ಸರಳವಾಗಿ ಹೀಗಿದೆ. ಇಬ್ಬರು ಸೇನಾನಾಯಕರು. ಸೈನ್ಯದ ಬುರ್ಹಾನ್, ಆರ್‌ಎಸ್‌ಎಫ್ ಅನ್ನುವ ಅರೆಸೇನಾ ಪಡೆಯ ಹೆಮೆಟಿ. 2021ರ ಅಕ್ಟೋಬರ್‌ನಲ್ಲಿ ಇಬ್ಬರೂ ಕೈ ಜೋಡಿಸಿಯೇ ನಾಗರಿಕ ಸರ್ಕಾರ ಕೆಡವಿದರು. 2023ರ ಏಪ್ರಿಲ್ 15ಕ್ಕೆ ಅವರವರೇ ಹೊಡೆದಾಡಲು ಶುರು ಮಾಡಿದರು. ಸಾಯುತ್ತಿರುವವರು ಇಬ್ಬರಿಗೂ ಸಂಬಂಧವಿಲ್ಲದ ಜನ. ಸೂಡಾನ್, ದಕ್ಷಿಣ ಸೂಡಾನ್ ಬೇರೆ ಬೇರೆ ದೇಶ ಅನ್ನುವುದು ಮಗನಿಗೆ ಗೊತ್ತಿರಲಿ. ಮೇಲೆ ನನ್ನ ಕತೆ ಓದಿದಿರಲ್ಲ.

ಚಿಕ್ಕ ಹುಡುಗನಿಗೆ ಬೇಕಾ ಅಂದಿರಿ. ನನ್ನ ಕ್ಲಾಸಿನ ಒಂದು ದಿನ ಹೇಳುತ್ತೇನೆ. ಬಹಳ ವರ್ಷದ ಹಿಂದೆ, ಆಫ್ರಿಕಾ ಭೂಪಟ ತೂಗುಹಾಕಿ ‘ಗ್ಯಾಬೊನ್ ಎಲ್ಲಿದೆ, ತೋರಿಸಿ’ ಅಂದೆ. ಸುಮ್ನೆ ಕೇಳಿದ್ದು. ಯಾರಿಗೂ ಬರುವುದಿಲ್ಲ, ನಾನೇ ತೋರಿಸಿ ದೊಡ್ಡವಳಾಗೋಣ ಅಂತ. ಕೊನೇ ಬೆಂಚಿನಿಂದ ಒಬ್ಬ ಹುಡುಗ ಎದ್ದು ಬಂದ. ಯಾವತ್ತೂ ಬಾಯಿ ಬಿಟ್ಟವನಲ್ಲ. ಪಶ್ಚಿಮದ ಅಂಚಿನಲ್ಲಿ, ಸಮಭಾಜಕ ವೃತ್ತದ ಮೇಲೆ ಸರಿಯಾಗಿ ಬೆರಳಿಟ್ಟ. ‘ಹೇಗೋ ಗೊತ್ತು?’ ಅಂದೆ. ‘ನಮ್ಮಪ್ಪ ಅಲ್ಲೇ ಅವ್ರೆ ಟೀಚರ್, ಎಣ್ಣೆ ಮಾರಕ್ಕೆ ಹೋಗವ್ರೆ’ ಅಂದ.

ಹಕ್ಕಿಪಿಕ್ಕಿ ಸಮುದಾಯದ ಹುಡುಗ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಿಂದ, ನಿಮ್ಮ ಶಿವಮೊಗ್ಗ ಕಡೆಯಿಂದ, ಚನ್ನಗಿರಿಯಿಂದ ಅವರು ಗಿಡಮೂಲಿಕೆ ಎಣ್ಣೆ ಹೊತ್ತು ಆಫ್ರಿಕಾದ ದೇಶಗಳಿಗೆ ಹೋಗಿ ವ್ಯಾಪಾರ ಮಾಡುತ್ತಾರೆ. 2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಗುಂಡು ಹಾರಲು ಶುರುವಾದಾಗ ಅಲ್ಲಿ ಸಿಕ್ಕಿಕೊಂಡ ಕನ್ನಡನಾಡಿನವರು ಇವರೇ. ಅವರಲ್ಲಿ ಕೆಲವರು ಇದ್ದದ್ದು ಡಾರ್ಫರ್‌ನ ಅಲ್ ಫಾಶಿರ್‌ನಲ್ಲಿ. ಇಲ್ಲಿ ಚುನಾವಣೆ ಸಮಯ. ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಖಾರವಾಗಿ ಉತ್ತರಿಸಿದರು, ಎರಡು ದಿನ ಅದೇ ಸುದ್ದಿ. ಕೊನೆಗೆ ಕೇಂದ್ರ ಸರ್ಕಾರ ‘ಆಪರೇಷನ್ ಕಾವೇರಿ’ ಅಂತ ಹೆಸರಿಟ್ಟು ಪೋರ್ಟ್ ಸೂಡಾನ್‌ನಿಂದ ಜೆಡ್ಡಾ ಮೂಲಕ ಭಾರತೀಯರನ್ನು ಕರೆತಂದಿತು. ನಮ್ಮವರು ಬಂದರು, ನಾವು ಟಿವಿ ಆಫ್ ಮಾಡಿದೆವು. ಆದರೆ ಅದೇ ಅಲ್ ಫಾಶಿರ್ 2024ರ ಮೇ ತಿಂಗಳಿಂದ ಹದಿನೇಳು ಹದಿನೆಂಟು ತಿಂಗಳು ಮುತ್ತಿಗೆಯಲ್ಲಿ ಇತ್ತು. ದನಕ್ಕೆ ಹಾಕುವ ಹಿಂಡಿ ತಿಂದು ಜನ ದಿನ ಕಳೆದರು. 2025ರ ಅಕ್ಟೋಬರ್‌ನಲ್ಲಿ ಆರ್‌ಎಸ್‌ಎಫ್ ಊರಿಗೆ ನುಗ್ಗಿತು.

ನಿಮ್ಮ ಮಗ ಆ ಒಂದು ಊರಿನ ಕತೆ ಹೇಳಲಿ. ಚನ್ನಗಿರಿ ನಿಮಗೆ ಒಂದು ಗಂಟೆ ದಾರಿ. ಹೋಗಿ ಬಂದವರು ಸಿಕ್ಕರೆ, ಅವರು ಮಾತಾಡಲು ಒಪ್ಪಿದರೆ, ಕೂತು ಕೇಳಿಸಿಕೊಂಡು ಬನ್ನಿ. ಹೆಣಗಳ ವರ್ಣನೆ ಬೇಡ. ಆ ವಿಡಿಯೋಗಳನ್ನು ಹುಡುಗನ ಕೈಗೆ ಕೊಡಬೇಡಿ. ಅಂಗಡಿ ಎಲ್ಲಿತ್ತು, ಪಕ್ಕದ ಮನೆಯವರು ಯಾರು, ಅವರ ಊಟ ಏನು, ಇಷ್ಟು ಕೇಳಲಿ.

ಪ್ರಶ್ನೆ: ನನ್ನ ಮಗಳಿಗೆ ಕಾಲೇಜಿನಲ್ಲಿ ಆಫ್ರಿಕಾ ಬಗ್ಗೆ ಭಾಷಣ ಮಾಡು ಅಂದಾರ. ನಾವು ಎರಡೂವರೆ ಎಕರೆ ತೊಗರಿ ಬೆಳಿಯೋರು. ನಮಗೂ ಆಫ್ರಿಕಾಕ್ಕೂ ಏನು ಸಂಬಂಧ? ಇದರ ಬದಲು ಸ್ಪರ್ಧಾತ್ಮಕ ಪರೀಕ್ಷೆಗೆ ಓದಲಿ ಅನಿಸ್ತದ.
(ರೈತ, ಆಳಂದ ತಾಲ್ಲೂಕು)

ಉತ್ತರ: ಅಣ್ಣಾ, ಈ ಸಲದ ಪತ್ರಗಳಲ್ಲಿ ನನಗೆ ಇಷ್ಟವಾದದ್ದು ನಿಮ್ಮದೇ. ಸಂಬಂಧ ಇದೆ. ಅದೂ ನಿಮ್ಮ ತೊಗರಿ ಚೀಲದಲ್ಲೇ.

2015ರ ಕೊನೆಗೆ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ್ದು ನೆನಪಿದೆಯಾ? ಪೇಟೆಯವರು ಕೂಗಾಡಿದರು. 2016ರ ಜುಲೈನಲ್ಲಿ ಭಾರತ ಮೊಜಾಂಬಿಕ್ ಜೊತೆ ಒಪ್ಪಂದ ಮಾಡಿಕೊಂಡಿತು. ಅಲ್ಲಿಂದ ತರುವ ತೊಗರಿ ವರ್ಷ ವರ್ಷ ಏರಿಸುತ್ತಾ ಎರಡು ಲಕ್ಷ ಟನ್‌ವರೆಗೆ ಒಯ್ಯುವುದು ಅಂತ. ಆ ವರ್ಷ ಇಲ್ಲೂ ಮಳೆ ಚೆನ್ನಾಗಾಯಿತು, ಎಲ್ಲರೂ ತೊಗರಿ ಬಿತ್ತಿದರು, ರೇಟು ಬಿದ್ದುಹೋಯಿತು. ಕಲಬುರಗಿ ಎಪಿಎಂಸಿಯಲ್ಲಿ ಚೀಲ ಇಟ್ಟುಕೊಂಡು ಕೂತವರಲ್ಲಿ ನೀವೂ ಇದ್ದಿರಬಹುದು.

ಅತ್ತ ಮೊಜಾಂಬಿಕ್‌ನಲ್ಲಿ ಏನಾಯಿತು ಕೇಳಿ. ಅಲ್ಲಿಯವರಿಗೆ ತೊಗರಿ ಬೇಳೆ ಸಾರಿನ ಚಟ ಅಷ್ಟಿಲ್ಲ, ಹೆಚ್ಚುಕಡಿಮೆ ಭಾರತಕ್ಕೆಂದೇ ಬೆಳೆಯುತ್ತಾರೆ. ಭಾರತದ ಮಾತು ನಂಬಿ ಜಾಸ್ತಿ ಹಾಕಿದರು. 2017ರಲ್ಲಿ ನಮ್ಮ ಸರ್ಕಾರ ಆಮದಿಗೆ ಮಿತಿ ಹಾಕಿತು. ಒಪ್ಪಂದದಷ್ಟು ಬಂತು, ಉಳಿದದ್ದಕ್ಕೆ ಗಿರಾಕಿಯೇ ಇಲ್ಲ. ಅಲ್ಲೂ ರೈತ ಚೀಲ ಇಟ್ಟುಕೊಂಡು ಕೂತ. 2021ರ ಮೇನಲ್ಲಿ ಮತ್ತೆ ಮಿತಿ ತೆಗೆದರು. ಅವರ ಕೊಯ್ಲು ಆಗಸ್ಟ್ ಆಸುಪಾಸು. ನಿಮ್ಮ ರಾಶಿ ಡಿಸೆಂಬರ್, ಜನವರಿಗೆ. ಹಾಗಾಗಿ ನೀವು ರಾಶಿ ಮಾಡುವ ಹೊತ್ತಿಗೆ ಅವರ ಹಡಗು ಬಂದು ಖಾಲಿಯಾಗಿರುತ್ತದೆ.

ಮಗಳನ್ನು ಒಂದು ದಿನ ನಿಮ್ಮ ಅಡತಿ ಅಂಗಡಿಗೆ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ದಾಲ್ ಮಿಲ್ಲಿಗೆ. ಆಫ್ರಿಕಾ ಮಾಲು ತೋರಿಸಿ ಅಂತ ಕೇಳಲಿ. ವ್ಯಾಪಾರಿಗಳು ‘ಅರುಷಾ’ ಅನ್ನುತ್ತಾರಲ್ಲ, ಅದು ತಾಂಜಾನಿಯಾದ ಊರಿನ ಹೆಸರು. ಆ ಕಾಳು ಒಂದು ಮುಷ್ಟಿ, ನಿಮ್ಮ ಹೊಲದ್ದು ಒಂದು ಮುಷ್ಟಿ, ಎರಡು ಪೊಟ್ಟಣ ಕಟ್ಟಿ ವೇದಿಕೆಗೆ ಒಯ್ಯಲಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂದದ್ದನ್ನೂ ಹೇಳಲಿ. ಮಂಗಳೂರಿನವರು ಇದೇ ಭಾಷಣ ಗೋಡಂಬಿ ಹಿಡಿದು ಮಾಡಬಹುದು. ಅಲ್ಲಿನ ಫ್ಯಾಕ್ಟರಿಗಳಿಗೆ ಕಚ್ಚಾ ಗೋಡಂಬಿ ಬರುವುದು ಹೆಚ್ಚಾಗಿ ಆಫ್ರಿಕಾದಿಂದಲೇ.

ಸ್ಪರ್ಧಾತ್ಮಕ ಪರೀಕ್ಷೆಯ ಚಿಂತೆ ಬಿಡಿ. ಆಮದು ಸುಂಕ, ಎಂಎಸ್‌ಪಿ, ವಿದೇಶಾಂಗ ನೀತಿ, ಮೂರೂ ಈ ಎರಡು ಪೊಟ್ಟಣದಲ್ಲಿ ಇವೆ.

ಪ್ರಶ್ನೆ: ಎಐ ಆ್ಯಪ್‌ನಲ್ಲಿ ಭಾಷಣ ಬರೆಸಿದರೆ ತಪ್ಪಾ?
(ಹೆಸರು ಬೇಡ)

ಉತ್ತರ: ಹೆಸರು ಬೇಡ ಅಂದೆಯಲ್ಲ, ಅಲ್ಲೇ ಉತ್ತರ ಇದೆ! ತಮಾಷೆ. ನಾನೂ ಮೊಮ್ಮಗನ ಫೋನಿನಲ್ಲಿ ಬರೆಸಿ ನೋಡಿದೆ. ‘ಆಫ್ರಿಕಾ ವೈವಿಧ್ಯಮಯ ಖಂಡವಾಗಿದೆ’ ಅಂತ ಶುರು ಮಾಡಿತು. ನಿನ್ನ ಪಕ್ಕದ ಕಾಲೇಜಿನವನಿಗೂ ಅದನ್ನೇ ಬರೆದುಕೊಟ್ಟಿರುತ್ತದೆ. ಒಬ್ಬ ನಾಯಕರ ಮಾತು ಕೊಡು ಅಂದೆ, ಕೊಟ್ಟಿತು. ಆ ಮಾತು ಅವರು ಎಲ್ಲಿ ಆಡಿದರು ಅಂತ ಒಂದು ಸಂಜೆ ಪೂರ್ತಿ ಹುಡುಕಿದೆ, ಎಲ್ಲೂ ಇಲ್ಲ. ಕಷ್ಟದ ಇಂಗ್ಲಿಷ್ ವರದಿಯನ್ನು ಸುಲಭ ಕನ್ನಡದಲ್ಲಿ ಹೇಳು ಅಂತ ಕೇಳು, ಅದಕ್ಕೆ ಪರವಾಗಿಲ್ಲ. ಆದರೆ ಅಂಕಿಸಂಖ್ಯೆ, ಹೆಸರು ಕೊಟ್ಟರೆ ಅದು ಪೆನ್ಸಿಲ್ ಕಾರ್ಡಿಗೆ.

ಪ್ರಶ್ನೆ: ಆಫ್ರಿಕಾದ ಹೆಸರುಗಳನ್ನು ಹೇಳುವಾಗ ನಾಲಿಗೆ ತೊಡರುತ್ತದೆ. ಹೋದ ವರ್ಷ ‘ನೈಜರ್’ ಅನ್ನಲು ಹೋಗಿ ‘ನೈಜೀರಿಯಾ’ ಅಂದುಬಿಟ್ಟೆ. ಎಲ್ಲರೂ ನಕ್ಕರು.
(ವಿದ್ಯಾರ್ಥಿ, ಕೊಳ್ಳೇಗಾಲ)

ಉತ್ತರ: ನಕ್ಕವರಿಗೂ ಎರಡರ ವ್ಯತ್ಯಾಸ ಗೊತ್ತಿತ್ತೋ ಇಲ್ಲವೋ ಬಿಡು. ಎರಡೂ ಅಕ್ಕಪಕ್ಕದ ದೇಶ, ಎರಡಕ್ಕೂ ಒಂದೇ ನದಿಯ ಹೆಸರು. ಫ್ರೆಂಚರು ಆಳಿದ ದೇಶವನ್ನು ‘ನಿಜೇರ್’ ಅನ್ನು, ಗೊಂದಲವೇ ಇರುವುದಿಲ್ಲ. ನೈಜೀರಿಯಾದ ರಾಜಧಾನಿ ಲಾಗೋಸ್ ಅಲ್ಲ, 1991ರಿಂದ ಅಬುಜಾ. ಕಾಂಗೊ ಎರಡಿವೆ. ಒಂದರ ರಾಜಧಾನಿ ಕಿನ್ಶಾಸಾ, ಇನ್ನೊಂದರದ್ದು ಬ್ರಾಝವಿಲ್, ನಡುವೆ ನದಿ ಮಾತ್ರ. ಈ ದಂಡೆಯಿಂದ ಆ ದಂಡೆಯ ರಾಜಧಾನಿ ಕಾಣುತ್ತದೆ. ಹಾಗಾಗಿ ಕಾಂಗೊ ಅಂದಕೂಡಲೇ ರಾಜಧಾನಿಯ ಹೆಸರೂ ಸೇರಿಸಿ ಹೇಳು. ಗಿನಿ ಹೆಸರಿನ ದೇಶ ಆಫ್ರಿಕಾದಲ್ಲೇ ಮೂರು. ಸ್ವಾಜಿಲ್ಯಾಂಡ್ 2018ರಲ್ಲಿ ಎಸ್ವಾಟಿನಿ ಆಯಿತು. ಬುರ್ಕಿನಾ ಫಾಸೊ ಅಂದರೆ ನೆಟ್ಟಗೆ ನಿಂತ ಜನರ ನಾಡು ಅಂತ ಅರ್ಥ. 1984ರಲ್ಲಿ ಇಟ್ಟ ಹೆಸರು.

ಅದರ ರಾಜಧಾನಿಯೇ ಎಲ್ಲರನ್ನೂ ಬೀಳಿಸುವುದು. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಹೆದರಬೇಡ, ಕನ್ನಡದಲ್ಲಿ ಬರೆದುಕೊಂಡರೆ ನಾಲ್ಕೇ ಅಕ್ಷರ: ವಾ-ಗಾ-ಡು-ಗು. ನಾನು ಅಡುಗೆಮನೆಯಲ್ಲಿ ಇದನ್ನು ಅಭ್ಯಾಸ ಮಾಡುತ್ತಿದ್ದಾಗ ಮೂರು ವರ್ಷದ ಮೊಮ್ಮಗಳು ಕೇಳಿಸಿಕೊಂಡಳು. ಈಗ ಸ್ನಾನಕ್ಕೆ ಕರೆದರೂ, ಊಟಕ್ಕೆ ಕರೆದರೂ ಅವಳ ಉತ್ತರ ಒಂದೇ, ‘ವಾಗಾಡುಗು!’